ಗುಮ್ಮಟದಾಗ ಹೇಳಿದ ಮಾತು

"ಕಾಕಾರ, ಗುಮ್ಮಟದಾಗ ನೀವು ಕಾಕುಗ ಏನ ಹೇಳಿದ್ರಿ?"

ಎದುರುಮನೆಯ ಹೊಸ ಸೊಸೆ ಭಾಗ್ಯಜ್ಯೋತಿ ಕೇಳಿದ್ದು ಇಷ್ಟೇ. ಕ್ರೂಸರ್ ಗಾಡಿ ಇಂಡಿ ಊರು ಬಿಟ್ಟು ವಿಜಯಪುರದ ಹಾದಿ ಹಿಡಿದು ಸ್ವಲ್ಪ ಹೊತ್ತಾಗಿತ್ತು. ಧಪಾಟಿ ರೊಟ್ಟಿಯ ಡಬ್ಬಿ ಇನ್ನೂ ಒಂದು ಸುತ್ತು ಪೂರ್ತಿ ತಿರುಗಿರಲಿಲ್ಲ. ಕಾಲೇಜಿನ ಗ್ರಂಥಪಾಲಕ ರಾಮಚಂದ್ರರಾಯರ ಬಾಯಲ್ಲಿ ಧಪಾಟಿ, ಬೆರಳ ತುದಿಯಲ್ಲಿ ಶೇಂಗಾ ಹಿಂಡಿ. ಬಾಯಿ ತುಂಬಿದಾಗ ತಲೆ ಖಾಲಿ ಇರುತ್ತದಲ್ಲ, ಆ ಹೊತ್ತಿನಲ್ಲಿ ಅವರು ಉತ್ತರ ಕೊಟ್ಟುಬಿಟ್ಟರು.

"ಏನೋ ಹೇಳಿದ್ನವಾ. 'ಹಲೋ, ಕೇಳಸ್ತದೇನು?' ಅಂದಿರಬೇಕು."

ಗಾಡಿಯಲ್ಲಿದ್ದವರೆಲ್ಲ ನಕ್ಕರು. ಅವರ ಹೆಂಡತಿ ವೃಂದಾ ನಗಲಿಲ್ಲ. ಡಬ್ಬಿಯ ಮುಚ್ಚಳ ಟಪ್ ಎಂದು ಮುಚ್ಚಿಕೊಂಡಿತು.

"ನೆನಪಿಲ್ಲೇನು?"

"ನೆನಪ ಅದ... ಅಂದ್ರ... ಹತ್ತಿದ್ದು ನೆನಪದ. ಇಳದದ್ದೂ ನೆನಪದ."

"ನಡುವಿನದು?"

ರಾಮಚಂದ್ರರಾಯರು ಧಪಾಟಿ ನುಂಗಿದರು. ಅದು ಗಂಟಲಲ್ಲೇ ಕೂತಿತು.

ಅವರ ಓಣಿಯಲ್ಲಿ ಒಂದು ರೂಢಿ ಇತ್ತು. ಮದುವೆಯಾಗಿ ಮನೆದೇವರ ದರ್ಶನ ಮುಗಿದ ಮೇಲೆ ಹೊಸ ಜೋಡಿಯನ್ನು ಗೋಳಗುಮ್ಮಟಕ್ಕೆ ಕರೆದೊಯ್ಯುವುದು. ಗುಮ್ಮಟದ ಒಳಗೆ ಮೇಲೆ ಸುತ್ತುವರಿದ ದುಂಡು ಮೊಗಸಾಲೆಯ ಒಂದು ಬದಿಗೆ ಗಂಡು, ಎದುರು ಬದಿಗೆ ಹೆಣ್ಣು. ಅವನು ಗೋಡೆಗೆ ಬಾಯಿ ಇಟ್ಟು ಪಿಸುಗುಡಬೇಕು, ಅವಳು ಅಷ್ಟು ದೂರದಲ್ಲಿ ಗೋಡೆಗೆ ಕಿವಿ ಇಟ್ಟು ಕೇಳಬೇಕು. ಹನ್ನೆರಡು ಜನರ ಮನೆಯಲ್ಲಿ, ಅಡಿಗೆಮನೆಗೂ ಪಡಸಾಲೆಗೂ ನಡುವೆ ಒಂದು ಮಾತಾಡಲು ಜಾಗ ಸಿಗದ ಕಾಲದಲ್ಲಿ, ನೂರು ಜನರ ಎದುರಿಗೇ ಇಬ್ಬರೇ ಮಾತಾಡಬಹುದಾದ ಜಾಗ ಅದೊಂದೇ ಆಗಿತ್ತು. ಈಗ ಮದುವೆಗೆ ಮೊದಲೇ ಫೋನಿನಲ್ಲಿ ರಾತ್ರಿಯಿಡೀ ಮಾತಾಡುತ್ತಾರೆ. ಆದರೂ ರೂಢಿ ನಿಂತಿಲ್ಲ. ಇವತ್ತಿನ ಸವಾರಿಯೂ ಅದಕ್ಕೇ. ಎದುರುಮನೆಯ ಗೊಬ್ಬರದ ಅಂಗಡಿ ಬಸಂತರಾಯನ ಮಗ ಶ್ರೀಶೈಲನಿಗೆ ಬಾಗೇವಾಡಿಯ ಭಾಗ್ಯಜ್ಯೋತಿಯೊಡನೆ ಮೊನ್ನೆ ಮೊನ್ನೆ ಮದುವೆಯಾಗಿತ್ತು. ನೆರೆಯವರು ಎಂಬ ವಿಶ್ವಾಸಕ್ಕೆ ರಾಯರನ್ನೂ ವೃಂದಾಳನ್ನೂ ಕರೆದಿದ್ದರು.

"ಕಾಕು, ನೀವಽ ಹೇಳ್ರಲ್ಲಾ," ಎಂದಳು ಭಾಗ್ಯಜ್ಯೋತಿ, ತಾನು ಹಚ್ಚಿದ ಬೆಂಕಿಯ ಅಳತೆ ತಿಳಿಯದೆ.

"ನಾ ಯಾಕ ಹೇಳಲಿ? ಹೇಳಿದವರು ಹೇಳಲಿ." ವೃಂದಾ ಕಿಟಕಿಯ ಕಡೆ ತಿರುಗಿದಳು. "ಮನ್ಯಾಗ ಎಷ್ಟೋ ದಿನ ಎಷ್ಟೋ ನಡೀತು. ಅತ್ತಿಯವರು ಅಂದ್ರು, ನಾದಿನಿಯವರು ಅಂದ್ರು. ಆ ಒಂದು ಮಾತು ನೆನಸ್ಕೊಂಡು ನಾ ಸುಮ್ಮನಿದ್ದೆ. ಆ ಮಾತು ಇವರಿಗೇ ನೆನಪಿಲ್ಲ ಅಂದ್ರ!"

ಬಸಂತರಾಯನ ಹೆಂಡತಿ ಸಿದ್ದಲಿಂಗವ್ವ ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿ ಕೂತಳು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ವಾಸನೆ ಹತ್ತುವುದು ಅವಳಿಗೆ.

"ಅಲ್ರೀ ರಾಯರ, ಹತ್ತು ಸಾವಿರ ಪುಸ್ತಕ ಎಲ್ಲೆಲ್ಲಿ ಅದಾವು ಅಂತ ಕಣ್ಣಮುಚ್ಚಿ ಹೇಳ್ತೀರಂತ. ಹೇಣ್ತಿಗೆ ಹೇಳಿದ ಒಂದ ಮಾತು ನೆನಪ ಇಲ್ಲ?"

"ಪುಸ್ತಕಕ್ಕ ನಂಬರ ಇರ್ತದ್ರಿ," ಎಂದರು ರಾಯರು. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ವೃಂದಾ ತೀರ್ಪು ಕೊಟ್ಟಳು. ಕೊಟ್ಟದ್ದು ಸಿದ್ದಲಿಂಗವ್ವನಿಗೆ, ಏಕೆಂದರೆ ಗಂಡನೊಡನೆ ಮಾತು ಆಗಲೇ ನಿಂತಿತ್ತು. "ಸಿದ್ದಲಿಂಗವ್ವಾರ, ಹೇಳ್ರಿ ಇವರಿಗೆ. ಇವತ್ತ ಗುಮ್ಮಟ ಹತ್ತಿ, ಅದೇ ಜಾಗಾದಾಗ ನಿಂತು, ಅದೇ ಮಾತು ಹೇಳ್ಬೇಕು. ಇಲ್ಲಂದ್ರ ನಾ ಅಲ್ಲಿಂದಽ ಮುದ್ದೇಬಿಹಾಳದ ಬಸ್ಸು ಹತ್ತಿ ನಮ್ಮಣ್ಣನ ಮನಿಗೆ ಹೋಗ್ತೇನಿ. ಎಂದ ಬರ್ತೇನಿ ಅಂತ ಕೇಳಬ್ಯಾಡ್ರಿ."

"ರಾಯರ, ಕೇಳಿದ್ರಿಲ್ಲೋ?" ಎಂದಳು ಸಿದ್ದಲಿಂಗವ್ವ, ಒಂದು ಮೊಳ ದೂರ ಕೂತವರಿಗೆ.

ಅಷ್ಟರಲ್ಲಿ ಗುಮ್ಮಟ ಕಾಣಿಸಿತು. ಊರು ಇನ್ನೂ ದೂರ ಇರುವಾಗಲೇ ಅದು ಕಾಣುತ್ತದೆ, ಬಯಲಿನ ಅಂಚಿನಲ್ಲಿ ಯಾರೋ ದೊಡ್ಡ ಹಂಡೆಯನ್ನು ತೊಳೆದು ಬೋರಲು ಹಾಕಿದ ಹಾಗೆ. ಕಾಲೇಜಿನ ದಿನಗಳಲ್ಲಿ ರಜೆ ಮುಗಿಸಿ ಬಸ್ಸಿನಲ್ಲಿ ಬರುವಾಗ ಅದನ್ನು ಕಂಡ ಕೂಡಲೇ ರಾಮಚಂದ್ರರಾಯರಿಗೆ ಎದೆ ಅರಳುತ್ತಿತ್ತು. ಇವತ್ತು ಅವರು ಮುಖ ಆಚೆ ತಿರುಗಿಸಿದರು.

ಗುಮ್ಮಟವನ್ನು ಕೊನೆಗೆ ಹತ್ತುವುದೆಂದು ಸಿದ್ದಲಿಂಗವ್ವ ತೀರ್ಮಾನಿಸಿದಳು. "ಮೊದಲ ಗುಮ್ಮಟ ನೋಡಿದ್ರ ಉಳಿದದ್ದು ಸಣ್ಣದು ಕಾಣಸ್ತೈತಿ." ಮೊದಲು ಸುಲ್ತಾನನ ಗೋರಿ ಇಬ್ರಾಹಿಂ ರೋಜಾಕ್ಕೆ ಹೋದರು.

ಹುಡುಗರಾಗಿದ್ದಾಗ ರಾಮಚಂದ್ರ ಮತ್ತು ಅವನ ಗೆಳೆಯ ಖಲೀಲ ಓದುವ ನೆಪದಲ್ಲಿ ಇಲ್ಲಿಗೇ ಬರುತ್ತಿದ್ದರು. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಳಿಗೆಯ ಹಾಗೆ ಕೊರೆದಿದ್ದಾರೆ. ಬಿಸಿಲು ಅವುಗಳ ಮೂಲಕ ಒಳಗೆ ಬಂದು ನೆಲದ ಮೇಲೆ ಬರೆಯುತ್ತದೆ. ಅಂದು ಅವರು ಆ ಬಿಸಿಲಿನ ಅಕ್ಷರಗಳ ಮೇಲೆ ಪುಸ್ತಕ ತೆರೆದಿಟ್ಟು ನಿದ್ದೆ ಹೊಡೆಯುತ್ತಿದ್ದರು. ಇಂದು ರಾಯರು ಅಲ್ಲಿಯದೇ ಒಂದು ಕಂಬಕ್ಕೆ ಒರಗಿ ನಿಂತು ಬಸಂತರಾಯನನ್ನು ಹಿಡಿದರು.

"ಬಸಂತರಾಯಾ, ನೀ ಏನ ಹೇಳಿದ್ದಿ ನಿನ್ನ ಹೇಣ್ತಿಗೆ?"

ಬಸಂತರಾಯ ಆಚೀಚೆ ನೋಡಿದ. "ಸುಳ್ಳ ಯಾಕ ಹೇಳಲಿ, ನನಗೂ ನೆನಪಿಲ್ಲ. ಆದ್ರ ನನ್ನ ಯಾರೂ ಕೇಳಿಲ್ಲ. ನೀನೂ ಕೇಳಬ್ಯಾಡ. ಜೋರಾಗಂತೂ ಕೇಳಬ್ಯಾಡ."

ಅಲ್ಲಿಂದ ಕೋಟೆಯ ಪಡುವಣ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. ಕೆಂಡದಂಥ ಬಿಸಿಲಿನಲ್ಲೂ ಮುಟ್ಟಿದರೆ ತಣ್ಣಗಿರುವ ತೋಪು, ಬೆರಳಿನಿಂದ ಬಡಿದರೆ ಗಂಟೆಯ ಹಾಗೆ ನುಡಿಯುವ ತೋಪು. ಅದರ ಬಾಯಿಯ ಕಡೆ ಸಿಂಹವೊಂದು ಆನೆಯನ್ನು ಹಲ್ಲಲ್ಲಿ ಕಚ್ಚಿದೆ. ರಾಯರು ಆನೆಯ ಮುಖವನ್ನು ಬಹಳ ಹೊತ್ತು ನೋಡಿದರು. ಆ ಆನೆಯ ಕಷ್ಟ ಅವರಿಗೆ ಇಷ್ಟು ಚೆನ್ನಾಗಿ ಎಂದೂ ಅರ್ಥವಾಗಿರಲಿಲ್ಲ. ತೋಪು ಮುಟ್ಟಿ ಬೇಡಿಕೊಂಡರೆ ನಡೆಯುತ್ತದೆಂದು ಯಾರೋ ಅಂದದ್ದು ಕೇಳಿ ಎರಡೂ ಕೈಯಿಂದ ತಬ್ಬಿಕೊಂಡರು.

ಸಿದ್ದಲಿಂಗವ್ವ ತೋಪಿಗೆ ಠಣ್ ಎಂದು ಬಡಿದಳು. "ನೋಡವಾ ವೃಂದಾಬಾಯಿ, ಈ ಕಬ್ಬಣಕ್ಕ ಬಡಿದ್ರೂ ಒಂದು ದನಿ ಬರ್ತೈತಿ. ನಿಮ್ಮ ರಾಯರ ತಲಿಗೆ ಮುಂಜಾನಿಂದ ಬಡ್ಯಾಕತ್ತೇವಿ, ಏನೂ ಬರವಲ್ದು."

"ಅದು ಪಂಚಲೋಹ ಅತ್ತಿ, ಕಬ್ಬಣ ಅಲ್ಲ," ಎಂದಳು ಭಾಗ್ಯಜ್ಯೋತಿ.

"ಹೌದು, ರಾಯರದು ಯಾವ ಲೋಹ ಅಂತ ನೋಡ್ಬೇಕು."

ವೃಂದಾ ತುಟಿ ಕಚ್ಚಿ ನಗು ತಡೆದಳು. ರಾಯರಿಗೆ ಅಷ್ಟೇ ಒಂದು ಆಸೆಯ ಎಳೆ ಸಿಕ್ಕಿತು. ಆಗ ಅವರಿಗೆ ಖಲೀಲನ ನೆನಪಾಯಿತು. ಖಲೀಲ! ಮದುವೆಯಾದ ಹೊಸದರಲ್ಲಿ ಗುಮ್ಮಟಕ್ಕೆ ಬಂದಾಗ ಜೊತೆಗಿದ್ದವನು ಅವನೇ.

ಖಲೀಲನ ಮೊಬೈಲ್ ರಿಪೇರಿ ಅಂಗಡಿ ಬಾರಾ ಕಮಾನಿನ ಹತ್ತಿರ ಇತ್ತು. ಮುಗಿಯದೆ ನಿಂತ ಆ ಎತ್ತರದ ಕಮಾನುಗಳ ಕೆಳಗೆ, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದರು. ಹೆಂಗಸರು ರೊಟ್ಟಿ ಹಂಚುವಷ್ಟರಲ್ಲಿ ರಾಯರು ಗೆಳೆಯನನ್ನು ಒಂದು ಕಮಾನಿನ ಹಿಂದೆ ಎಳೆದೊಯ್ದರು.

"ಏನಲೇ ರಾಮ್ಯಾ, ಕೂದಲ ಎಲ್ಲಿ ಹೋದವು?" ಎಂದ ಖಲೀಲ.

"ಕೂದಲಿರಲಿ, ಮರ್ಯಾದಿ ಹೋಗ್ಲಿಕತ್ತದ." ರಾಯರು ಎಲ್ಲವನ್ನೂ ಹೇಳಿದರು.

ಖಲೀಲ ಕಮಾನಿಗೆ ಒರಗಿ ನಕ್ಕ.  ಇಬ್ಬರಿಗೂ ಕೋಟೆಗೋಡೆಗೆ ಆತುಕೊಂಡಿದ್ದ ಆ ಬಾಡಿಗೆ ಖೋಲಿ ನೆನಪಾಯಿತು. ಸುಲ್ತಾನರ ಗೋಡೆಗೆ ಮೊಳೆ ಹೊಡೆದು ಕಟ್ಟಿದ ಹಗ್ಗದ ಮೇಲೆ ಒಣಗುತ್ತಿದ್ದ ಇಬ್ಬರ ಅಂಗಿ. ಒಂದೇ ಸೈಕಲ್ಲಿನಲ್ಲಿ ಇಬ್ಬರೂ ಕೋಟೆಯ ಒಂದು ದರವಾಜಾದಿಂದ ಇನ್ನೊಂದು ದರವಾಜಾಕ್ಕೆ ಸುತ್ತುತ್ತಿದ್ದ ಸಂಜೆಗಳು. ಕೋಟೆಯ ಕಂದಕದಲ್ಲಿ ಮೇಯುವ ಆಡುಗಳು. ಖಲೀಲನ ಅಮ್ಮಿ ಗೋಡೆಯ ಮೇಲಿನಿಂದ ಕೂಗುತ್ತಿದ್ದದ್ದು, "ರಾಮಚಂದರ್, ಚಾ ಆಗೇತಿ, ಬಾರೋ!"

"ಅಮ್ಮಿ ಚಾದ ರುಚಿ ನೆನಪೈತಿ, ಈ ಮಾತು ನೆನಪಿಲ್ಲ," ಎಂದ ಖಲೀಲ. "ನಾ ಅವತ್ತು ಕೆಳಗ ನಿಂತಿದ್ದೆ, ಮ್ಯಾಲ ಬರಲಿಲ್ಲ. ಆದ್ರ ನೀ ಹತ್ತೂಕಿಂತ ಮೊದಲ ನಾನೇ ನಿನಗ ಒಂದು ಉರ್ದು ಶೇರ್ ಕಲಿಸಿ ಕಳಿಸಿದ್ದೆ. ಅದನ್ನಽ ಹೇಳಿರ್ತೀ. ನಿನಗ ಬ್ಯಾರೆ ಏನ ಬರ್ತಿತ್ತು?"

"ಹೌದೇನು! ಹೇಳೋ, ಹೇಳೋ!"

"'ತೇರೇ ಬಗೈರ್ ಯೇ ಶಹರ್ ಸಿರ್ಫ್ ದೀವಾರ್ ಹೈ.' ನೀ ಇಲ್ಲದ್ರ ಈ ಊರು ಬರೇ ಗ್ವಾಡಿ."

ರಾಯರು ಅದನ್ನು ರೊಟ್ಟಿಯ ಜೊತೆ ಅಗಿದರು, ಮಜ್ಜಿಗೆಯ ಜೊತೆ ಕುಡಿದರು. ಗುಮ್ಮಟದ ಮೂಲೆಯ ಮಿನಾರಿನಲ್ಲಿ, ಒಬ್ಬರ ಹಿಮ್ಮಡಿ ಇನ್ನೊಬ್ಬರ ಮೂಗಿಗೆ ತಾಗುವಂಥ ಆ ಇಕ್ಕಟ್ಟಿನ ಮೆಟ್ಟಿಲು ಹತ್ತುವಾಗ, ಪ್ರತಿ ಅಂತಸ್ತಿಗೂ ಒಮ್ಮೆ ಜಪಿಸಿದರು. ಹಿಂದೆ ಬರುತ್ತಿದ್ದ ಬಸಂತರಾಯ, "ರಾಯರು ವಿಷ್ಣುಸಹಸ್ರನಾಮ ಹಚ್ಯಾರ," ಎಂದ.

ಮೊಗಸಾಲೆಯೊಳಗೆ ಕಾಲಿಟ್ಟರೆ ಜಾತ್ರೆ. ಎಲ್ಲಿಂದಲೋ ಬಂದ, ಸಮವಸ್ತ್ರ ತೊಟ್ಟ ಸಾಲಿಯ ಮಕ್ಕಳು ಸೀಟಿ ಹೊಡೆಯುತ್ತಿದ್ದರು, ಒಂದೊಂದು ಸೀಟಿಯೂ ಸುತ್ತು ಹಾಕಿ ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ವಾಪಸು ಬರುತ್ತಿತ್ತು. ಕೆಳಗೆ ನೋಡಿದರೆ ಜನ ಅಕ್ಕಿಕಾಳಿನಷ್ಟು. ರಾಯರಿಗೆ ತಲೆ ತುಸು ತೇಲಿದಂತಾಯಿತು. ಬೆನ್ನನ್ನು ಗೋಡೆಗೆ ಉಜ್ಜುತ್ತ ತಮ್ಮ ಜಾಗಕ್ಕೆ ಹೋಗಿ ನಿಂತರು. ಎದುರು ಬದಿಗೆ, ದೂರದಲ್ಲಿ, ವೃಂದಾಳ ಹಸಿರು ಇಳಕಲ್ ಸೀರೆ ಕಂಡಿತು. ಅವಳು ಕಿವಿಯನ್ನು ಗೋಡೆಗೆ ಇಟ್ಟಳು.

ರಾಯರು ತಿರುಗಿ, ಗೋಡೆಗೆ ಬಾಯಿ ಹಚ್ಚಿ, ಕಣ್ಣು ಮುಚ್ಚಿ, ಖಲೀಲನ ಶೇರನ್ನು ಹೇಳಿದರು.

ಆದರೆ ಅವರು ಕಣ್ಣು ಮುಚ್ಚಿದ ಗಳಿಗೆಯಲ್ಲೇ ಸಿದ್ದಲಿಂಗವ್ವ ವೃಂದಾಳನ್ನು ಪಕ್ಕಕ್ಕೆ ಸರಿಸಿ, "ತಡಿಯವಾ, ನನಗೂ ಕೇಳಸ್ತೈತೇನು ನೋಡ್ತೇನಿ," ಎಂದು ಕಿವಿ ಇಟ್ಟಿದ್ದಳು. ರಾಯರು ಕಣ್ಣು ತೆರೆದಾಗ ಸಿದ್ದಲಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು, ನಾಚಿ ಕೆಂಪಾಗಿ, ತನ್ನ ಗಂಡನೇ ಅಂದದ್ದೆಂದುಕೊಂಡು ಅವನ ಕಡೆ ಧಾವಿಸುತ್ತಿದ್ದಳು.

"ಏನ್ರಿ, ಈ ವಯಸ್ಸಿನಾಗ! ಉರ್ದು ಯಾವಾಗ ಕಲತ್ರಿ?"

ಏದುಸಿರು ಬಿಡುತ್ತ ರಾಯರ ಬದಿಯ ಬಾಗಿಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಬಸಂತರಾಯನಿಗೆ ಏನೂ ತಿಳಿಯಲಿಲ್ಲ. ಆದರೆ ವ್ಯಾಪಾರಿ ಮನುಷ್ಯ, ಬಂದ ಲಾಭ ಬಿಡಲಿಲ್ಲ. "ಹಿಂಗಽ... ಸಂತಿಗೆ ಹೋಗಿ ಬಂದು ಮಾಡೂಮುಂದ," ಎಂದ.

ಈಗ ವೃಂದಾ ಮತ್ತೆ ಕಿವಿ ಇಟ್ಟಳು. ರಾಯರು ಮತ್ತೊಮ್ಮೆ ಶೇರ್ ಹೇಳಿದರು. ವೃಂದಾ ಅಲ್ಲಿಂದಲೇ ತಲೆಯಾಡಿಸಿದಳು. ಅಲ್ಲ.

ರಾಯರ ಬಳಿ ಬೇರೆ ಶೇರ್ ಇರಲಿಲ್ಲ. ಇನ್ನು ತಮ್ಮದೇ ಬುದ್ಧಿ ಓಡಿಸಬೇಕು. ಹೊಸದಾಗಿ ಮದುವೆಯಾದವನು ಏನು ಹೇಳುತ್ತಾನೆ? ಗೋಡೆಯ ಕಡೆ ತಿರುಗಿ, "ನೀ ಇವತ್ತ ಭಾಳ ಚಂದ ಕಾಣ್ತೀ. ಕಣ್ಣು ತಗೀಲಿಕ್ಕೆ ಆಗವಲ್ದು," ಎಂದು ಪಿಸುಗುಟ್ಟಿದರು.

ತಿರುಗಿ ನೋಡಿದರೆ, ಸಾಲಿಯ ಮಕ್ಕಳ ಸಾಲು ವೃಂದಾಳನ್ನು ಹಿಂದಕ್ಕೆ ನೂಕಿತ್ತು. ಅವಳ ಜಾಗದಲ್ಲಿ ಕಿವಿ ಇಟ್ಟು ನಿಂತಿದ್ದವನು ಹುರಿಮೀಸೆಯ, ಒಲೆಯಷ್ಟು ಅಗಲ ಎದೆಯ ಒಬ್ಬ ಗಂಡಸು. ಅವನು ಗೋಡೆಯನ್ನೊಮ್ಮೆ ನೋಡಿದ, ತನ್ನನ್ನೊಮ್ಮೆ ನೋಡಿಕೊಂಡ, ಆಮೇಲೆ ನೇರ ಎದುರಿಗೆ ನೋಡಿದ.

"ಯಾಂವಲೇ ಅಂವ? ಸಿಂದಗಿ ಪೈಲವಾನಗ ಚಂದ ಅದೀ ಅನ್ನಾಂವ!"

ಪೈಲವಾನ ಒಬ್ಬನೇ ಕೂಗಿದ್ದು. ಗುಮ್ಮಟ ಏಳು ಪೈಲವಾನರನ್ನು ಹೊರಡಿಸಿತು. ಅವನು ತನ್ನ ಬಲಗಡೆಯಿಂದ ಬರತೊಡಗಿದ, ರಾಯರು ತಮ್ಮ ಎಡಗಡೆಗೆ ಓಡಿದರು. ದುಂಡಗಿನ ಮೊಗಸಾಲೆಯಲ್ಲಿ ಹೀಗೆ ಓಡಿದರೆ ಇಬ್ಬರೂ ಎದುರೆದುರೇ ಬರುತ್ತಾರೆಂಬುದು ಕಾಲು ಸುತ್ತು ಮುಗಿಯುವಾಗ ಅವರಿಗೆ ಹೊಳೆಯಿತು. ಗೋಡೆಯ ಬದಿಗೆ ಕೂತಿದ್ದ ಬಿಳಿ ಗಡ್ಡದ ಒಬ್ಬ ಮುದುಕನ ಹಿಂದೆ ದೊಪ್ಪನೆ ಕುಸಿದರು.

ಮುದುಕ ತನ್ನ ಶಾಲನ್ನು ಅವರ ತಲೆಯ ಮೇಲೆ ಎಳೆದ. "ಪೈಲವಾನರ, ಆ ಮನಷ್ಯಾ ಮೆಟ್ಟಲ ಇಳದು ಹೋದ್ನಲ್ರಿ," ಎಂದ. ಏಳು ಪೈಲವಾನರೂ ಧಡಧಡನೆ ಮೆಟ್ಟಿಲಿಳಿದರು.

"ಹೊರಗ ಬರ್ರಿ ಸಾಹೇಬ್ರ. ನಾ ಫಕೀರಸಾಬ. ನೌಕರಿ ಗಿವಕರಿ ಏನಿಲ್ಲ, ಹಳೇ ಚಾಳಿ, ದಿನಾ ಬಂದು ಇಲ್ಲೇ ಕೂಡತೇನಿ. ಬಂದವರಿಗೆ ಕಡ್ಡಿ ಗೀರಿ, ಕಾಗದ ಹರಿದು ದನಿ ಕೇಳಸ್ತೇನಿ. ಏನ ನಿಮ್ಮ ಫಜೀತಿ?"

ರಾಯರು ಶಾಲಿನ ಕೆಳಗಿನಿಂದಲೇ ಹೇಳಿಕೊಂಡರು. ಫಕೀರಸಾಬ ಗಡ್ಡ ಸವರುತ್ತ ಕೇಳಿದ.

"ಅವತ್ತು ತಲಿ ತಿರುಗಿತ್ತೇನ್ರಿ?"

ರಾಯರು ತಲೆಯ ಮೇಲಿನ ಶಾಲು ಸರಿಸಿದರು. ಮಂಜು ಸರಿದಂತೆ ಆ ದಿನ ಕಾಣತೊಡಗಿತು. ಕೆಳಗೆ ನೋಡಿದ್ದು. ಕಾಲು ನಡುಗಿದ್ದು. ಇದೇ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತದ್ದು. ಯಾರೋ ಗಾಳಿ ಹಾಕಿದ್ದು. ಆಮೇಲೆ ವೃಂದಾ ಬಂದು ಕೈ ಹಿಡಿದು ಇಳಿಸಿದ್ದು. ಅವಳ ಕಣ್ಣಲ್ಲಿ ನೀರಿತ್ತು. ತನ್ನ ಅವಸ್ಥೆ ನೋಡಿ ಅತ್ತಿದ್ದಾಳೆಂದು ಅವರು ತಿಳಿದಿದ್ದರು.

"ನಾ ಏನೂ ಹೇಳಲೇ ಇಲ್ಲ," ಎಂದರು ರಾಯರು ಮೆಲ್ಲಗೆ. "ಬಾಯೇ ಬಿಟ್ಟಿಲ್ಲ."

"ಅರ್ಧ ಗಂಡಸರು ಹಂಗಽ ರೀ. ಒಬ್ಬಗ ತಲಿ ತಿರಗತೈತಿ, ಒಬ್ಬಗ ನಾಚಿಕಿ, ಒಬ್ಬಗ ಮಾತಽ ಹುಟ್ಟೂದಿಲ್ಲ. ಅತ್ತಲಾಗ ಆ ಹೆಣ್ಣಮಗಳು ಗ್ವಾಡಿಗೆ ಕಿವಿ ಹಚ್ಚಿ ನಿಂತಽ ಇರ್ತಾಳ. ಖಾಲಿ ಕಿವಿಲೆ ಹೆಂಗ ಕಳಸೂದು? ನಾನೇ ಹೇಳಿಬಿಡ್ತೇನಿ. ನಿಮ್ಮ ಪರವಾಗಿ."

"ಏನಂತ?"

ಫಕೀರಸಾಬ ಮೇಲೆ ನೋಡಿದ. ಗುಮ್ಮಟದ ಕೆಳಗೆ ಕಮಾನುಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟ ಹಾಗೆ ಹೆಣೆದುಕೊಂಡಿದ್ದವು. "'ಇಷ್ಟ ದೊಡ್ಡ ಗುಮ್ಮಟಕ್ಕ ನಡುವ ಒಂದೂ ಕಂಬಿಲ್ಲ. ಕಮಾನು ಕಮಾನನ್ನ ಹಿಡ್ಕೊಂಡು ನಿಂತಾವು. ನೀ ನನ್ನ ಹಿಡ್ಕೋ, ನಾ ನಿನ್ನ ಹಿಡ್ಕೋತೇನಿ.' ಇಷ್ಟಽ."

 ಅತ್ತೆಯ ಮಾತಿಗೂ ನಾದಿನಿಯ ಮಾತಿಗೂ ವೃಂದಾ ಇದನ್ನು ಹಿಡಿದುಕೊಂಡು ನಿಂತಿದ್ದಳು. ರಾಯರು ಎದ್ದು ತಮ್ಮ ಜಾಗಕ್ಕೆ ನಡೆದರು. ಸಾಲಿಯ ಮಕ್ಕಳು ಇಳಿದು ಹೋಗಿ ಮೊಗಸಾಲೆ ಶಾಂತವಾಗಿತ್ತು. ಹಸಿರು ಸೀರೆ ಇನ್ನೂ ಅಲ್ಲೇ ಇತ್ತು, ಕಿವಿ ಗೋಡೆಗೆ. ರಾಯರು ಕೆಳಗೆ ನೋಡದೆ ಗೋಡೆಗೆ ಬಾಯಿಟ್ಟು, ಒಂದೊಂದೇ ಮಾತನ್ನು, ಈ ಸಲ ತಮ್ಮದೇ ಬಾಯಿಂದ, ಮನಸ್ಸಿಟ್ಟು ಹೇಳಿದರು.

ಹೇಳಿ ಮುಗಿಸಿ ಅಲ್ಲೇ ಕಿವಿ ಇಟ್ಟರು. ಆಮೇಲೆ ಗೋಡೆಯೊಳಗಿಂದ ವೃಂದಾಳ ದನಿ ಬಂತು, ಅಡಿಗೆಮನೆಯಿಂದ ಕರೆದಷ್ಟು ಹತ್ತಿರ. "ಇಷ್ಟೊತ್ತು ಯಾಕ ಸತಾಯಿಸಿದ್ರಿ?"

ಮೆಟ್ಟಿಲು ಇಳಿಯುವಾಗ ಅವಳು ಅವರ ಕೈ ಹಿಡಿದಿದ್ದಳು. ಅಂದಿನ ಹಾಗೆಯೇ. ರಾಯರಿಗೆ ಮೆಟ್ಟಿಲು ಇನ್ನಷ್ಟಿರಬಾರದಿತ್ತೇ ಎನ್ನಿಸಿತು.

ಕೆಳಗೆ, ಗುಮ್ಮಟದೊಳಗಿನ ತಂಪಿನಲ್ಲಿ, ಎಲ್ಲರೂ ಸುಧಾರಿಸಿಕೊಳ್ಳುತ್ತ ನಿಂತರು. ಭಾಗ್ಯಜ್ಯೋತಿಯ ಮುಖ ಈಗಷ್ಟೇ ತೊಳೆದ ಹಿತ್ತಾಳೆ ದೀಪದ ಹಾಗಿತ್ತು. ವೃಂದಾ ಪ್ರೀತಿಯಿಂದ ಅವಳ ಗಲ್ಲ ಹಿಡಿದಳು. "ಏನವಾ, ಶ್ರೀಶೈಲ ಏನಂದ? ಇಷ್ಟ ಹಿಗ್ಗೀದಿ?"

"ಹೇಳಬಾರ್ದು ಅಂತಾರ್ರಿ ಕಾಕು... ಆದ್ರ ಭಾಳ ಚಂದ ಅಂದ್ರು. ನಡುವ ಒಂದೂ ಕಂಬಿಲ್ಲ, ಕಮಾನು ಕಮಾನನ್ನ ಹಿಡ್ಕೊಂಡು ನಿಂತಾವು..."

"ನೀ ನನ್ನ ಹಿಡ್ಕೋ," ಎಂದಳು ವೃಂದಾ. ಅವಳ ಕೈ ಗಲ್ಲದ ಮೇಲೇ ನಿಂತುಬಿಟ್ಟಿತು.

"ನಾ ನಿನ್ನ ಹಿಡ್ಕೋತೇನಿ," ಎಂದು ಮುಗಿಸಿದವಳು ಸಿದ್ದಲಿಂಗವ್ವ. ಅವಳು ನಿಧಾನವಾಗಿ ಬಸಂತರಾಯನ ಕಡೆ ತಿರುಗಿದಳು.

ಮೂವರು ಹೆಂಗಸರು, ಮೂವರು ಗಂಡಸರು.  ಶ್ರೀಶೈಲ ಚಿಕ್ಕವನು, ಅನುಭವ ಸಾಲದು. ಅವನೇ ಬಾಯಿಬಿಟ್ಟ. "ನಂಗ ಮಾತಽ ಹೊಳೀಲಿಲ್ಲವಾ. ಮ್ಯಾಲ ಗಡ್ಡದ ಅಜ್ಜಾರು ಅದಾರ, ಅವರೇ..."

"ವೃಂದಾ, ಅವತ್ತ ಅವರು ಹೇಳಿದ್ದು ಖರೇ," ಎಂದರು ರಾಮಚಂದ್ರರಾಯರು ಗಾಬರಿಯಿಂದ. "ಆದ್ರ ಇವತ್ತ ನಾನೇ ಹೇಳೇನಿ. ದೇವರ ಆಣಿ, ನನ್ನ ಬಾಯಿಲೇ ಹೇಳೇನಿ!"

ಅವರು ಇಡೀ ದಿನದಲ್ಲಿ ಆಡಿದ ಅತ್ಯಂತ ನಿಜವಾದ ಮಾತು ಅದು. ನಂಬುವವರು ಮಾತ್ರ ಯಾರೂ ಇರಲಿಲ್ಲ.

"ಉರ್ದು ಬ್ಯಾರೆ ಕಲತಾರಂತ, ಸಂತಿಯೊಳಗ!" ಎಂದಳು ಸಿದ್ದಲಿಂಗವ್ವ ಗಂಡನಿಗೆ.

ವೃಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬರ್ರಿ ಸಿದ್ದಲಿಂಗವ್ವಾರ. ಬಾರವಾ ಭಾಗ್ಯಾ. ನಮ್ಮ ಮೂರೂ ಮಂದಿ ಸಂಸಾರ ನಡಸಿದ ಆ ಮನಷ್ಯಾ ಹೆಂಗಿದ್ದಾನ, ಮಾರಿಯಾದ್ರೂ ನೋಡಿ ಬರೂಣು."

ಮೂವರೂ ಮತ್ತೆ ಮೆಟ್ಟಿಲು ಹತ್ತಿದರು, ಇಡೀ ದಿನ ಮೊಣಕಾಲು ಮೊಣಕಾಲು ಎನ್ನುತ್ತಿದ್ದ ಸಿದ್ದಲಿಂಗವ್ವ ಎಲ್ಲರಿಗಿಂತ ಮುಂದೆ. ಗಂಡಸರು ಮೂವರೂ ಗೋರಿಗಳ ಕಟ್ಟೆಯ ಪಕ್ಕದಲ್ಲಿ ಚೀಲ ಕಾಯುತ್ತ ನಿಂತರು.

"ಚಲೋ ಮಾತ ಕಲಿಸ್ಯಾನ ಬಿಡ್ರಿ ಮುದಕ," ಎಂದ ಬಸಂತರಾಯ. "ನನಗೂ ಈಗ ಗೊತ್ತಾತು, ನಾ ಏನ ಹೇಳಿದ್ದೆ ಅಂತ."

ಮೇಲೆ, ಗುಬ್ಬಿಗಳು ಹಾರುವಷ್ಟು ಎತ್ತರದಲ್ಲಿ, ಮೂರು ಸೀರೆಗಳು ಕಾಣಿಸಿದವು. ಬಿಳಿ ಗಡ್ಡವೂ ಕಂಡಿತು. ಏನೋ ಮಾತಾಯಿತು. ಆಮೇಲೆ ನಗು ಬಂತು. ಮೂವರ ನಗು, ಒಬ್ಬೊಬ್ಬಳದೂ ಹಲವು ಸಲ. ಇಡೀ ಗುಮ್ಮಟ ಮದುವೆಮನೆಯ ಹಾಗೆ ತುಂಬಿಹೋಯಿತು. ಆ ನಗು ಕೇಳಿ ರಾಮಚಂದ್ರರಾಯರಿಗೂ ನಗು ಬಂತು. ನಗುತ್ತಿದ್ದಾಳೆಂದರೆ ಸಿಟ್ಟು ಇಳಿಯಿತೆಂದು ಅವರು ಚೀಲವನ್ನು ಹೆಗಲಿಗೆ ಹಾಕಿಕೊಂಡರು.

ಆಗ ವೃಂದಾ ಮೊಗಸಾಲೆಯ ಅಂಚಿನಿಂದ ಸ್ವಲ್ಪ ಬಗ್ಗಿ, ದನಿ ಏರಿಸದೆ, ಮನೆಯಲ್ಲಿ ಕೇಳುವ ಹಾಗೆಯೇ ಕೇಳಿದಳು.

"ಮುದ್ದೇಬಿಹಾಳಕ್ಕ ಕಡೀ ಬಸ್ಸು ಎಷ್ಟಕ್ಕದ ರೀ?"

ಕೇಳಿಸಲಿಲ್ಲ ಎನ್ನುವ ಹಾಗೂ ಇರಲಿಲ್ಲ. ಗುಮ್ಮಟ ಅದನ್ನು ಏಳು ಸಲ ಕೇಳಿತು.